ಜಾಮೀನು ಆಯಿತು, ಶ್ಯೂರಿಟಿ ಸಿಗಲಿಲ್ಲ

ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಸಣ್ಣದೊಂದು ಹೊಡೆದಾಟದ ಕೇಸಿನಲ್ಲಿ ಜೈಲಿಗೆ ಹೋದ. ಮೂರನೇ ದಿನಕ್ಕೇ ಜಾಮೀನು ಆಯಿತು. ಮನೆಗೆ ಬಂದದ್ದು ಹತ್ತೊಂಬತ್ತನೇ ದಿನ. ಪಹಣಿ ಇರುವವರು ಯಾರಾದರೂ ಶ್ಯೂರಿಟಿ, ಅಂದರೆ ಜಾಮೀನುದಾರರಾಗಿ, ನಿಲ್ಲಬೇಕಿತ್ತು. ಅಮ್ಮ ಆದೇಶದ ನಕಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆ ಮನೆ ಅಲೆದಳು, ಜೊತೆಗೆ ನಾನು. ಒಂದು ಮನೆಯ ಯಜಮಾನ ಅವಳು ಗಂಟು ಬಿಚ್ಚುವಷ್ಟರಲ್ಲೇ ಬಾಗಿಲು ಹಾಕಿಕೊಂಡ.

ಇಷ್ಟೆಲ್ಲ ಕಂಡಿದ್ದರೂ, ಮ್ಯಾಜಿಸ್ಟ್ರೇಟ್ ಆದ ಮೊದಲ ಎರಡು ವರ್ಷ ನನಗಿಂತ ಹಿಂದಿನವರು ಬರೆಯುತ್ತಿದ್ದ ಷರತ್ತನ್ನೇ ನಾನೂ ಬರೆದೆ: ಇಷ್ಟು ಮೊತ್ತದ ಬಾಂಡ್, ಒಬ್ಬ ಸ್ಥಳೀಯ ಜಾಮೀನುದಾರ. ಒಂದು ದಿನ, ನಾನೇ ಜಾಮೀನು ಕೊಟ್ಟಿದ್ದ ಹಮಾಲಿಯೊಬ್ಬ ಮತ್ತೆ ಪೊಲೀಸರ ಜೊತೆ ಬಂದು ನಿಂತ.

"ಹೋದ ತಿಂಗಳೇ ಬೇಲ್ ಆಗಿದೆಯಲ್ಲ, ಇನ್ನೂ ಯಾಕಪ್ಪ ಒಳಗಿದ್ದೀಯ?"

"ಸ್ವಾಮಿ, ನಮ್ಮ ಪೈಕಿ ಪಹಣಿ ಇರೋರು ಯಾರೂ ಇಲ್ಲ."

ಅಮ್ಮನ ಬಾಯಲ್ಲಿ ಕೇಳಿದ ಮಾತೇ ಅದು. ನನಗೆ ನಾಚಿಕೆಯಾಯಿತು.

ಅಂದು ಸಂಜೆ ಮೋತಿ ರಾಮ್ ಪ್ರಕರಣದ ತೀರ್ಪು ತೆಗೆದು ಕೂತೆ. 1978ರದು, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದದ್ದು. ಗಾರೆ ಕೆಲಸದವನಿಗೆ 10,000 ರೂಪಾಯಿ ಶ್ಯೂರಿಟಿ ಕೇಳಿ, ಅವನ ಸಹೋದರ ಮುಂದೆ ಬಂದರೆ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿಹಾಕಿದ್ದರು. ಸುಪ್ರೀಂ ಕೋರ್ಟ್ 1,000 ರೂಪಾಯಿಯ ಸ್ವಂತ ಬಾಂಡ್, ಅಂದರೆ ಅವನೇ ಬರೆದುಕೊಡುವ ಮುಚ್ಚಳಿಕೆಯ ಮೇಲೆ ಬಿಡಿಸಿತು. ಅಯ್ಯರ್ ಅವರೂ 1948ರಲ್ಲಿ ಜೈಲಿನ ಒಳಗಿದ್ದು ಬಂದವರು. ಕಾನೂನು ಕಾಲೇಜಿನಲ್ಲಿ ಇದನ್ನೇ ಪರೀಕ್ಷೆಗೆಂದು ಓದಿದ್ದೆ, ಮೈಗೆ ತಾಗಿರಲಿಲ್ಲ.

ಆಮೇಲೆ ಷರತ್ತು ಬರೆಸುವ ಮೊದಲು ಕೇಳತೊಡಗಿದೆ: ಏನು ಕೆಲಸ, ಮನೆ ಎಲ್ಲಿ, ಮನೆಯಲ್ಲಿ ಯಾರಿದ್ದಾರೆ, ಜಾಮೀನಿಗೆ ಯಾರು ಬರುತ್ತಾರೆ. ಎರಡು ನಿಮಿಷದ ಕೆಲಸ. ಓಡಿಹೋಗುವ ಭಯ ಕಾಣದಿದ್ದರೆ ಸ್ವಂತ ಮುಚ್ಚಳಿಕೆಯೇ ಸಾಕು. ಬೇಲ್ ಆಗಿ ಏಳು ದಿನವಾದರೂ ಹೊರಬಾರದವರ ವಿಷಯವನ್ನು ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ತಿಂಗಳಾದರೆ ನ್ಯಾಯಾಲಯವೇ ತಾನಾಗಿ ಷರತ್ತು ಸಡಿಲಿಸಬಹುದು. ಅಂಥವರ ಪಟ್ಟಿ ಪ್ರತಿ ಸೋಮವಾರ ನನ್ನ ಮೇಜಿಗೆ ಬರಲೇಬೇಕೆಂದು ಬೆಂಚ್ ಕ್ಲರ್ಕ್‌ಗೆ ಹೇಳಿಟ್ಟಿದ್ದೇನೆ.

ಅದೇ ಬಾಲ್ಯ ನನ್ನ ಕೈಯಿಂದ ತಪ್ಪು ಮಾಡಿಸಲೂ ಹೊರಟಿತ್ತು. ಕೂಲಿಯವನ ಮೇಲೆ ಕೈಮಾಡಿದ ಆರೋಪದ ಮೇಲೆ ಸಾಕಷ್ಟು ಜಮೀನಿದ್ದ ಒಬ್ಬರ ಜಾಮೀನು ಅರ್ಜಿ ಬಂದಿತ್ತು. ಸ್ಟೆನೋ ಟೈಪ್ ಮಾಡಿ ತಂದ ಆದೇಶವನ್ನು ಸಹಿಗೆ ಮುನ್ನ ಓದಿದೆ. ಮೂವರು ಜಾಮೀನುದಾರರು, ವಾರಕ್ಕೆರಡು ಸಲ ಠಾಣೆಯಲ್ಲಿ ಹಾಜರಿ. ಅಂಥದೇ ಬೇರೆ ಕೇಸುಗಳಲ್ಲಿ ಯಾರಿಗೂ ಇಷ್ಟು ಬಿಗಿ ಮಾಡಿರಲಿಲ್ಲ. ಅಂದು ಬಾಗಿಲು ಹಾಕಿಕೊಂಡ ಯಜಮಾನನ ಮೇಲಿನ ಸಿಟ್ಟನ್ನು ಇವರ ತಲೆಗೆ ಕಟ್ಟಿದ್ದೆ. ಸ್ಟೆನೋವನ್ನು ಕರೆದು ಹೊಸದಾಗಿ ಬರೆಸಿದೆ.

ಈಗಲೂ ಅಂಥವರ ಅರ್ಜಿ ಬಂದರೆ ಆದೇಶವನ್ನು ಎರಡು ಸಲ ಓದುತ್ತೇನೆ. ಎರಡನೇ ಸಲ ಓದುವಾಗ ಹೆಸರಿರುವ ಸಾಲಿನ ಮೇಲೆ ಅಂಗೈ ಇಟ್ಟಿರುತ್ತೇನೆ.