ಬಾಲ್ಕನಿ ಗಿಡಕ್ಕ ತಂಬಾಕಿನ ನೀರು: ಮಾಡೋದು ಹೆಂಗ, ಎಲ್ಲಿ ಹೊಡೀಬಾರ್ದು

ಪುಣೆದಾಗ ಮಳಿ ನಿಂತು ಥಂಡಿ ಶುರು ಆತಂದ್ರ ಸಾಕು, ದಾಸವಾಳದ ಮೊಗ್ಗಿಗೆ, ಸೇವಂತಿಗಿ ಕುಡಿಗೆ ಹಸಿರು ಹೇನು ಮುತ್ಕೊಂಡು ಬಿಡ್ತಾವ. ಎಲಿ ಜಿಗಿಜಿಗಿ ಅನಸ್ತದ, ಕುಂಡದ ಸುತ್ತ ಇರವಿ ಸಾಲು ಹಚ್ತಾವ. ಮೊದಲ ಪೈಪಿನಿಂದ ಎಲಿ ಕೆಳಗ ಜೋರಾಗಿ ನೀರು ಬಿಡ್ರಿ, ನಾಕು ದಿನ ಹಂಗ ಮಾಡಿದ್ರ ಎಷ್ಟೋ ಸಲ ಅಷ್ಟಕ್ಕ ಮುಗೀತದ. ಅದಕ್ಕೂ ಬಗ್ಗಲಿಲ್ಲ ಅಂದ್ರ ಮಾತ್ರ ತಂಬಾಕು.

ನಿಪ್ಪಾಣಿ ಕಡೆ ನೆಂಟರಿದ್ದವ್ರಿಗೆ ಬೀಡಿ ತಂಬಾಕಿನ ಪುಡಿ ಸಿಗೋದು ಕಷ್ಟ ಇಲ್ಲ, ಇಲ್ಲಾಂದ್ರ ಸುಣ್ಣ ಸುಗಂಧ ಏನೂ ಬೆರಸಲಾರದ ಬರೇ ಎಲಿ ತಂಬಾಕು ತೊಗೋರಿ, ಗುಟ್ಕಾ ಮಾತು ಬ್ಯಾಡ, ಅದು ಮಹಾರಾಷ್ಟ್ರದಾಗ 2012ರಿಂದನ ಬಂದ್. 50 ಗ್ರಾಂ ತಂಬಾಕಿಗೆ 450 ಎಂಎಲ್ ನೀರು, ಒಂದು ಹಳೇ ಪ್ಲಾಸ್ಟಿಕ್ ಡಬ್ಬಿಯೊಳಗ ಹಾಕಿ ಮುಚ್ಚಿ 24 ತಾಸು ಬಾಲ್ಕನಿಯೊಳಗ ಇಡ್ರಿ. ಊರಾಗ ಅರ್ಧ ತಾಸು ಕುದಸ್ತಾರ ಖರೆ, ಆದ್ರ ಫ್ಲಾಟಿನ ಕಿಚನ್‌ನಾಗ ಆ ಹಬಿ ಮನಿ ತುಂಬ ಆಡ್ತದ, ಕುಡಿಯೋದು ನಾವ. ಆಮ್ಯಾಲ ಹಳೇ ಬಟ್ಟಿಯೊಳಗ ಸೋಸ್ರಿ, ಕಡಕ್ ಚಹಾ ಬಣ್ಣ ಬಂದಿರ್ತದ. 12 ಗ್ರಾಂನಷ್ಟು ಬಟ್ಟಿ ಸೋಪು ತುರದು ಬಿಸಿ ನೀರಾಗ ಕರಗಿಸಿ ಕೂಡಸ್ರಿ, ಸೋಪು ಇಲ್ಲಾಂದ್ರ ಹನಿ ಎಲಿ ಮ್ಯಾಲ ನಿಲ್ಲೂದಿಲ್ಲ, ಉರುಳಿ ಹೋಗ್ತದ. ಕಡೀಕ ಆರೇಳು ಪಟ್ಟು ನೀರು ಬೆರಸ್ರಿ.

ಇಷ್ಟ ಮಾಡೋದು. ಈಗ ಖರೇ ಮಾತಿಗೆ ಬರೋಣು.

ಮನ್ಯಾಗ ಮಾಡಿದ್ದು, ಸೊಪ್ಪಿನಿಂದ ಮಾಡಿದ್ದು, ಏನೂ ಆಗೂದಿಲ್ಲ ಅನ್ನೋ ಧೈರ್ಯ ಬ್ಯಾಡ. ಹೇನಿನ ನರಕ್ಕ ಹೊಡಿಯೋದು ನಿಕೋಟಿನ್, ಅದು ನಮ್ಮ ಚರ್ಮದೊಳಗಿಂದೂ ಇಳೀತದ. ಹಸಿ ಎಲಿ ಕೀಳೋ ಕೂಲಿಯವ್ರಿಗೆ ತಲಿ ತಿರಗಿ ವಾಂತಿ ಆಗೋದು ಇದರಿಂದನ. ಅದಕ್ಕ ಗ್ಲೌಸ್ ಬೇಕ, ಬೇಕು, ಡಬ್ಬಿ ಮ್ಯಾಲ ದೊಡ್ಡದಾಗಿ ವಿಷ ಅಂತ ಬರೀರಿ, ಹುಡುಗರು, ನಾಯಿ, ಬೆಕ್ಕು ಮುಟ್ಟಲಾರದಂಗ ಇಡ್ರಿ. ಕೋಲ್ಡ್ ಡ್ರಿಂಕ್ ಬಾಟಲಿಯೊಳಗ ಅಂತೂ ತುಂಬಲೇಬ್ಯಾಡ್ರಿ. ಕೈಗೆ ಚೆಲ್ಲಿದ್ರ ತಕ್ಷಣ ಸೋಪ್ ಹಚ್ಚಿ ತೊಳೀರಿ.

ಕೆಲವು ಹುಡುಗ್ರು ಇದನ್ನ ವೇಪ್‌ಗೆ, ಅಂದ್ರ ಇ-ಸಿಗರೇಟಿಗೆ, ಹಾಕಬಹುದಾ ಅಂತ ಕೇಳ್ತಾರ. ಇಲ್ಲಪಾ. ಇದರಾಗ ಸೋಪು ಅದ, ನಿಕೋಟಿನ್ ಎಷ್ಟು ಇಳಿದದ ಅಂತ ಅಳಿಯಾಕ ಮನ್ಯಾಗ ದಾರಿ ಇಲ್ಲ, ಮ್ಯಾಲ ಇ-ಸಿಗರೇಟ್ ಮಾಡೋದು ಮಾರೋದು 2019ರ ಕಾಯ್ದೆ ಪ್ರಕಾರ ಗುನ್ಹೆ, ಮೊದಲ ಸಲಕ್ಕ ಒಂದು ವರ್ಷದ ತನಕ ಜೈಲು ಇಲ್ಲಾ 1 ಲಕ್ಷದ ತನಕ ದಂಡ, ಎರಡೂ ಆಗಬಹುದು.

ಟೊಮ್ಯಾಟೊ, ಮೆಣಸಿನಕಾಯಿ, ಬದನಿಕಾಯಿಗೆ ಹೊಡೀಬ್ಯಾಡ್ರಿ. ಅವೆಲ್ಲ ತಂಬಾಕಿನ ದಾಯಾದಿಗಳು, ಒಣಗಿದ ತಂಬಾಕಿನ ಎಲಿಯೊಳಗೂ ಮೊಸಾಯಿಕ್ ಅನ್ನೋ ಗಿಡದ ರೋಗದ ವೈರಸ್ ಜೀವಂತ ಇರ್ತದ, ಎಲಿ ಹಳದಿ ಹಸಿರು ಚುಕ್ಕಿ ಬಿದ್ದು ಮುದುಡಿತಂದ್ರ ಔಷಧ ಇಲ್ಲ, ಗಿಡ ಕಿತ್ತು ಒಗೀಬೇಕು. ಕೊತಂಬರಿ, ಮೆಂತ್ಯ, ತುಳಸಿಗೂ ಬ್ಯಾಡ, ತುಳಸಿ ಎಲಿ ಸೀದಾ ಬಾಯಿಗೆ ಹೋಗ್ತದ ನೋಡ್ರಿ.

ಸಂಜಿಕ, ಜೇನ್ನೊಣ ಹೋದ ಮ್ಯಾಲ, ಗಾಳಿ ಇಲ್ಲದಾಗ, ಮೊದಲು ಒಂದು ಟೊಂಗಿಗೆ ಹೊಡದು ಮರುದಿನ ನೋಡಿ ಆಮ್ಯಾಲ ಉಳಿದದ್ದಕ್ಕ. ಕೆಳಗಿನ ಮನಿಯವ್ರ ಅರಿವಿ ಒಣಗಲಿಕ್ಕ ಹಾಕಿದ್ರ ತಡೀರಿ. ಎಲಿ ಮ್ಯಾಲ ಗುಲಗಂಜಿ ಹುಳ ಓಡಾಡ್ತಿದ್ರ ಪಂಪ್ ಕೆಳಗಿಡ್ರಿ, ಹೇನು ತಿನ್ನೋ ಕೆಲಸ ಅದ ಮಾಡ್ತದ.