ಇಡ್ಲಿಯೋ, ಇಡ್ಲಿಯ ಬೆಲೆಯೋ?

ಮುಂಬೈಯ ಮಾಟುಂಗದಲ್ಲಿ ಭಾನುವಾರಗಳಂದು ಹತ್ತನೆಯ ತರಗತಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಬೀಜಗಣಿತ ಹೇಳಿಕೊಡುತ್ತಿದ್ದ ನನಗೆ, ಅವರಿಗೆ ಸಮೀಕರಣಗಳನ್ನು ಬಿಡಿಸುವುದು ಕಷ್ಟವಲ್ಲ, ಲೆಕ್ಕದ ವಾಕ್ಯವನ್ನು ಸಮೀಕರಣವಾಗಿ ಬರೆಯುವುದೇ ಕಷ್ಟ ಎಂಬುದು ತಡವಾಗಿ ತಿಳಿಯಿತು. ಎರಡು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಲು ಮಹಾರಾಷ್ಟ್ರದ ಪಠ್ಯದಲ್ಲಿರುವ ಕ್ರೇಮರನ ವಿಧಾನವನ್ನೂ ಅವರು ಬೇಗನೆ ಕಲಿತಿದ್ದರು.

ಒಂದು ದಿನ ಈ ಲೆಕ್ಕ ಕೊಟ್ಟೆ: ಹೋಟೆಲಿನಲ್ಲಿ ಇಡ್ಲಿ ಮತ್ತು ಕಾಫಿಯ ಒಟ್ಟು 40 ಕೂಪನ್‌ಗಳು ಮಾರಾಟವಾಗಿ 1,780 ರೂಪಾಯಿ ಬಂದಿದೆ, ಇಡ್ಲಿಗೆ 50, ಕಾಫಿಗೆ 40 ರೂಪಾಯಿಯಾದರೆ ಯಾವುದು ಎಷ್ಟು ಮಾರಾಟವಾಯಿತು? ಒಬ್ಬ ಹುಡುಗಿ ಇ + ಕ = 1780 ಎಂದು ಬರೆದಳು. ಇ ಎಂದರೇನು ಎಂದು ಕೇಳಿದಾಗ, "ಇಡ್ಲಿ, ಸರ್" ಎಂದಳು.

ತಪ್ಪು ನನ್ನದೇ ಆಗಿತ್ತು. ಹಿಂದಿನ ವಾರ, ಮೂರು ಪ್ಲೇಟ್ ಇಡ್ಲಿಗೂ ಎರಡು ಕಾಫಿಗೂ 230 ರೂಪಾಯಿ, ಎರಡು ಇಡ್ಲಿಗೂ ಮೂರು ಕಾಫಿಗೂ 220 ರೂಪಾಯಿ ಎಂಬ ಲೆಕ್ಕದಲ್ಲಿ ಮೊದಲಕ್ಷರಗಳನ್ನು ಬಳಸಿ 3ಇ + 2ಕ = 230 ಎಂದು ನಾನೇ ಬರೆದು ತೋರಿಸಿದ್ದೆ. ಮಕ್ಕಳು ಅದನ್ನು 'ಮೂರು ಇಡ್ಲಿ, ಎರಡು ಕಾಫಿ' ಎಂದು ಓದಿಕೊಂಡಿದ್ದರು. ಇ ಎಂಬುದು ಇಡ್ಲಿಯಲ್ಲ, ಅದರ ಬೆಲೆ ಎಂಬುದು ಅವರಿಗೆ ಹೊಳೆಯದೆಯೇ ಉತ್ತರ ಸರಿಬಂದಿತ್ತು.

ಅಂದಿನಿಂದ ಮೊದಲಕ್ಷರಗಳನ್ನು ಬಿಟ್ಟೆವು. 'ಅ ಎಂದರೆ ಮಾರಾಟವಾದ ಇಡ್ಲಿ ಕೂಪನ್‌ಗಳ ಸಂಖ್ಯೆ' ಎಂಬಂಥ ಪೂರ್ಣ ವಾಕ್ಯವನ್ನು ಬರೆಯದೆ ಯಾರೂ ಮುಂದುವರಿಯಬಾರದೆಂದು ಗೊತ್ತುಮಾಡಿದೆ. ಕಾಫಿ ಕೂಪನ್‌ಗಳ ಸಂಖ್ಯೆ ಬ ಆದರೆ, ಅ + ಬ = 40 ಎಂಬುದು ಕೂಪನ್‌ಗಳನ್ನು ಎಣಿಸುತ್ತದೆ, 50ಅ + 40ಬ = 1780 ಎಂಬುದು ರೂಪಾಯಿಗಳನ್ನು. ಮೊದಲನೆಯದನ್ನು 40ರಿಂದ ಗುಣಿಸಿ ಎರಡನೆಯದರಿಂದ ಕಳೆದರೆ 10ಅ = 180. ಈ ಹೆಜ್ಜೆಗೂ ಅರ್ಥವಿದೆ: ನಲವತ್ತೂ ಕಾಫಿಯೇ ಆಗಿದ್ದರೆ 1,600 ರೂಪಾಯಿ ಬರುತ್ತಿತ್ತು, ಪ್ರತಿ ಇಡ್ಲಿ ಕೂಪನ್ 10 ರೂಪಾಯಿ ಹೆಚ್ಚಿಗೆ ತಂದದ್ದರಿಂದ ಉಳಿದ 180 ಬಂದಿದೆ. ಆದ್ದರಿಂದ ಇಡ್ಲಿ 18, ಕಾಫಿ 22.

ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟ ಲೆಕ್ಕವನ್ನೂ ಮಾಡಿಸುತ್ತೇನೆ: 9 ಮಾದಲ ಹಣ್ಣಿಗೂ 7 ಬೇಲದ ಹಣ್ಣಿಗೂ ಒಟ್ಟು ಬೆಲೆ 107, 7 ಮಾದಲಕ್ಕೂ 9 ಬೇಲಕ್ಕೂ 101. ಎರಡನ್ನೂ ಕೂಡಿಸಿ 16ರಿಂದ ಭಾಗಿಸಿದರೆ ಒಂದೊಂದು ಹಣ್ಣಿನ ಬೆಲೆಗಳ ಮೊತ್ತ 13, ಕಳೆದು 2ರಿಂದ ಭಾಗಿಸಿದರೆ ವ್ಯತ್ಯಾಸ 3 ಎಂದು ಸಿಗುತ್ತದೆ. ಮಾದಲಕ್ಕೆ 8, ಬೇಲಕ್ಕೆ 5. ನನಗೆ ಇದಕ್ಕಿಂತ ಚೆಲುವಾದ ಲೆಕ್ಕ ಗೊತ್ತಿಲ್ಲ.

ಮುಂದಿನ ವಾರ ಅದೇ ಹುಡುಗಿ ಸ್ವಂತ ಲೆಕ್ಕವೊಂದನ್ನು ಕಟ್ಟಿ ತಂದಳು: ಎರಡು ಇಡ್ಲಿ, ಒಂದು ಕಾಫಿಗೆ 140, ನಾಲ್ಕು ಇಡ್ಲಿ, ಎರಡು ಕಾಫಿಗೆ 280. ಬಿಡಿಸಲು ಹೊರಟರೆ ಎರಡೂ ಕಡೆ ಸೊನ್ನೆ ಉಳಿಯಿತು. ತುಸು ಹೊತ್ತು ಹಾಳೆಯನ್ನೇ ನೋಡುತ್ತಿದ್ದು, "ಸರ್, ಎರಡನೆಯ ವಾಕ್ಯ ಹೊಸದೇನೂ ಹೇಳಲಿಲ್ಲ" ಎಂದು ತಾನೇ ಅದನ್ನು ಹೊಡೆದುಹಾಕಿದಳು.