ಇಳಿದ ಜ್ವರ ಮತ್ತೆ ಏರಿದಾಗ

ವಿರಾಜಪೇಟೆಯ ಸಮೀಪದ ನನ್ನ ಚಿಕ್ಕ ಆಸ್ಪತ್ರೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವ ಹೊರರೋಗಿಗಳಲ್ಲಿ ಹೆಚ್ಚಿನವರು ವೈರಲ್ ಜ್ವರ, ನೆಗಡಿ, ಕೆಮ್ಮಿನವರು. ಬಹುಪಾಲು ಮಂದಿ ಐದಾರು ದಿನಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆದರೆ ರಕ್ತದ ಕ್ಯಾನ್ಸರಿಗೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಚಿಕಿತ್ಸೆ ಪಡೆದು ಮನೆಗೆ ಮರಳಿ, ನಡುನಡುವೆ ರಕ್ತಪರೀಕ್ಷೆಗೆಂದು ನನ್ನಲ್ಲಿಗೆ ಬರುವ ಕೆಲವರೂ ಅವರಲ್ಲಿರುತ್ತಾರೆ. ಅಂಥವರ ವಿಷಯದಲ್ಲಿ ವೈರಸ್ಸಿಗಿಂತಲೂ ಅದರ ಬೆನ್ನಿಗೇ ಬರುವ ಎರಡನೆಯ ಸೋಂಕಿಗೆ ನಾನು ಹೆಚ್ಚು ಹೆದರುತ್ತೇನೆ. ಆ ಹೆದರಿಕೆಯನ್ನು ನನ್ನೊಳಗೆ ಹುಟ್ಟಿಸಿದ್ದು ನನ್ನದೇ ಒಂದು ತಪ್ಪು.

2022ರ ಜುಲೈನಲ್ಲಿ, ದೀರ್ಘಕಾಲೀನ ಲಿಂಫೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇದ್ದ ಅರವತ್ತು ದಾಟಿದ ಬೆಳೆಗಾರರೊಬ್ಬರು ಜ್ವರದಿಂದ ಬಂದರು. ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎಂದು ತಿಳಿದ ಕೂಡಲೇ ಆ ವೈರಸ್ಸಿನ ಔಷಧವಾದ ಒಸೆಲ್ಟಾಮಿವಿರ್ ಅನ್ನು ಐದು ದಿನಕ್ಕೆಂದು ಆರಂಭಿಸಿದೆ. ನಾಲ್ಕನೆಯ ದಿನ ಜ್ವರ ಇಳಿಯಿತು, ಊಟ ಸೇರತೊಡಗಿತು. ಏಳನೆಯ ದಿನ ರಾತ್ರಿ ಅವರ ಸೊಸೆ ಫೋನ್ ಮಾಡಿ, "ಮಾವನವರಿಗೆ ಮತ್ತೆ ಚಳಿ ಹತ್ತಿದೆ ಡಾಕ್ಟರೇ, ಮಂಚವೇ ಅಲುಗುವಷ್ಟು ನಡುಗುತ್ತಿದ್ದಾರೆ" ಎಂದರು. ದಾರಿಯಲ್ಲಿ ಮರ ಬಿದ್ದಿತ್ತು. ಜ್ವರದ ಉಳಿಕೆ ಇರಬಹುದೆಂದು ಭಾವಿಸಿದ ನಾನು, ಪ್ಯಾರಾಸಿಟಮಾಲ್ ಕೊಟ್ಟು ಬೆಳಿಗ್ಗೆ ಕರೆತರಲು ಹೇಳಿದೆ. ಬೆಳಿಗ್ಗೆ ಬಂದಾಗ ಅವರ ಮೇಲಿನ ರಕ್ತದೊತ್ತಡ 80ಕ್ಕೆ, ಆಮ್ಲಜನಕದ ಮಟ್ಟ 87ಕ್ಕೆ ಕುಸಿದಿತ್ತು, ಕರವಸ್ತ್ರದಲ್ಲಿ ತುಕ್ಕಿನ ಬಣ್ಣದ ಕಫವಿತ್ತು. ರಕ್ತದ ಕಲ್ಚರ್‌ನಲ್ಲಿ (ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ಮೈಸೂರಿನ ತೀವ್ರ ನಿಗಾ ಘಟಕದಲ್ಲಿ ಹನ್ನೊಂದು ದಿನ ಕಳೆದು ಅವರು ಬದುಕಿ ಬಂದರು. ಆ ಒಂದು ರಾತ್ರಿಯನ್ನು ನಾನು ಕಳೆದುಕೊಂಡೆನೆಂಬ ನೋವು ಇಂದಿಗೂ ಇದೆ.

ವೈರಸ್ಸು ಶ್ವಾಸನಾಳದ ಒಳಪೊರೆಯನ್ನು ಸುಲಿದು, ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳನ್ನು ನಾಶಮಾಡುತ್ತದೆ. ಗಂಟಲಲ್ಲಿ ಸುಮ್ಮನಿದ್ದ ನ್ಯುಮೊಕಾಕಸ್, ಸ್ಟೆಫಿಲೊಕಾಕಸ್‌ಗಳಿಗೆ ಶ್ವಾಸಕೋಶದ ದಾರಿ ತೆರೆಯುವುದು ಆಗಲೇ. 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿಯೂ ಸತ್ತವರಲ್ಲಿ ಹೆಚ್ಚಿನವರು ಹೀಗೆ ಬ್ಯಾಕ್ಟೀರಿಯಾದ ನ್ಯುಮೋನಿಯಾದಿಂದಲೇ ಸತ್ತರು. ಆರೋಗ್ಯವಂತರ ಮೈಯಲ್ಲಿ ಕಾವಲುಗಾರರಿರುತ್ತಾರೆ. ಮೈಲೋಮಾ ಎಂಬ ಇನ್ನೊಂದು ರಕ್ತದ ಕ್ಯಾನ್ಸರ್ ಮತ್ತು ಲಿಂಫೋಸೈಟಿಕ್ ಲ್ಯುಕೇಮಿಯಾದವರಲ್ಲಿ ಪ್ರತಿಕಾಯಗಳೇ ಕಡಿಮೆ, ರಿಟುಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧ ಪಡೆದವರಲ್ಲಿ ಅವುಗಳನ್ನು ತಯಾರಿಸುವ ಬಿ ಕೋಶಗಳೇ ತಿಂಗಳುಗಟ್ಟಲೆ ಇರುವುದಿಲ್ಲ, ಕೀಮೋಥೆರಪಿಯ ನಂತರದವರಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಇಳಿದಿರುತ್ತವೆ.

ಆದ್ದರಿಂದ ನಾನು ಒಟ್ಟು ಬಿಳಿ ರಕ್ತಕಣಗಳ ಸಂಖ್ಯೆಯನ್ನು ನಂಬುವುದನ್ನು ಬಿಟ್ಟಿದ್ದೇನೆ. ಆ ಬೆಳೆಗಾರರ ವರದಿಯಲ್ಲಿ ಒಟ್ಟು ಕಣಗಳು 42,000 ಇದ್ದವು, ನ್ಯೂಟ್ರೋಫಿಲ್ ಶೇಕಡ 2 ಮಾತ್ರ. ಅಂದರೆ ಸೋಂಕಿನ ವಿರುದ್ಧ ನಿಲ್ಲಬಲ್ಲವು 840. ಈ ಗುಣಾಕಾರವನ್ನು ಈಗ ಪ್ರತಿ ವರದಿಯ ಅಂಚಿನಲ್ಲಿ ಪೆನ್ನಿನಿಂದ ಬರೆದಿಡುತ್ತೇನೆ. ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿದ್ದವರಿಗೆ 101 ಡಿಗ್ರಿ ಜ್ವರ ಒಮ್ಮೆ ಬಂದರೂ, ಅಥವಾ 100.4 ಡಿಗ್ರಿ ಒಂದು ಗಂಟೆ ನಿಂತರೂ, ಅದು ತುರ್ತುಸ್ಥಿತಿ. ಇಂಥವರ ಎದೆಯ ಎಕ್ಸ್‌ರೇ ಸ್ವಚ್ಛವಾಗಿ ಕಂಡರೆ ನಾನು ಸಮಾಧಾನಪಡುವುದಿಲ್ಲ, ಏಕೆಂದರೆ ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆಯಾಗಿ ಕಾಣುವ ಕೀವು, ಊತಗಳನ್ನು ಉಂಟುಮಾಡಲು ಬೇಕಾದ ಕಣಗಳೇ ಅವರಲ್ಲಿರುವುದಿಲ್ಲ.

ಮೊದಲು ನಾನು ಇಂಥವರಿಗೆ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಕೊಟ್ಟು ಮೈಸೂರಿಗೆ ಕಳುಹಿಸುತ್ತಿದ್ದೆ. ಅದು ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುವುದಿಲ್ಲ. ನ್ಯೂಟ್ರೋಫಿಲ್ ಇಳಿದವರಲ್ಲಿ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದ್ದು ಆ ಬ್ಯಾಕ್ಟೀರಿಯಾವೇ. ಈಗ ಎರಡು ಕಲ್ಚರ್ ಬಾಟಲಿಗಳಿಗೆ ರಕ್ತ ತೆಗೆದು, ಅದರ ಮೇಲೂ ಕೆಲಸ ಮಾಡುವ ಪೈಪೆರಾಸಿಲಿನ್-ಟಾಜೊಬ್ಯಾಕ್ಟಮ್‌ನ ಮೊದಲ ಡೋಸನ್ನು ಒಂದು ಗಂಟೆಯೊಳಗೆ ಇಲ್ಲಿಯೇ ಕೊಡುತ್ತೇನೆ. ಮೈಸೂರು ಇಲ್ಲಿಂದ ಸುಮಾರು 100 ಕಿಲೋಮೀಟರ್. ಆ ಡೋಸು ಅಲ್ಲಿಗೆ ತಲುಪಿದ ಮೇಲೆ ಸಿಗಲಿ ಎಂದು ಕಾಯುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಶಿಲೀಂಧ್ರಗಳ ಬಗ್ಗೆ ಕೊಡಗಿನವರಿಗೆ ನಾನು ಬಿಡಿಸಿ ಹೇಳಬೇಕಾಗುತ್ತದೆ. ಒದ್ದೆ ಗೋಡೆಯ ಬೂಷ್ಟು, ಸೌದೆ ಕೊಟ್ಟಿಗೆಯ ಧೂಳು, ಕೊಳೆಯುತ್ತಿರುವ ಕಾಫಿ ಸಿಪ್ಪೆಯ ಗುಡ್ಡೆ ಇವೆಲ್ಲ ಆಸ್ಪರ್‌ಜಿಲ್ಲಸ್‌ನಂಥ ಬೂಷ್ಟಿನ ಬೀಜಾಣುಗಳ ನೆಲೆ. ತೋಟದಲ್ಲೇ ಹುಟ್ಟಿ ಬೆಳೆದವರಿಗೆ "ಗೊಬ್ಬರದ ಗುಡ್ಡೆಯ ಬಳಿ ಹೋಗಬೇಡಿ" ಎಂದರೆ ಮನಸ್ಸಿಗೆ ಬಾಧೆಯಾಗುತ್ತದೆ, ಆದರೂ ಹೇಳುತ್ತೇನೆ. ಸರಿಯಾದ ಆಂಟಿಬಯಾಟಿಕ್ ಕೊಟ್ಟು ನಾಲ್ಕೈದು ದಿನವಾದರೂ ಜ್ವರ ಬಿಡದಿದ್ದರೆ, ಎದೆನೋವು ಅಥವಾ ಕಫದಲ್ಲಿ ರಕ್ತ ಕಂಡರೆ, ಎದೆಯ ಸಿ.ಟಿ. ಸ್ಕ್ಯಾನ್ ಮತ್ತು ಆಸ್ಪರ್‌ಜಿಲ್ಲಸ್‌ನ ಸುಳಿವು ಹುಡುಕುವ ಗ್ಯಾಲಕ್ಟೊಮನ್ನಾನ್ ಪರೀಕ್ಷೆಗಾಗಿ ಕಳುಹಿಸುತ್ತೇನೆ. ಶಿಲೀಂಧ್ರದ ಔಷಧವಾದ ವೊರಿಕೊನಜೋಲ್ ಆಸ್ಪರ್‌ಜಿಲ್ಲಸ್‌ಗೆ ಸಲ್ಲುತ್ತದೆ, 2021ರಲ್ಲಿ ಊರೂರಿನಲ್ಲಿ ಮಾತಾಗಿದ್ದ ಕಪ್ಪು ಶಿಲೀಂಧ್ರಕ್ಕೆ ಸಲ್ಲುವುದಿಲ್ಲ. ಅದಕ್ಕೆ ಆಂಫೊಟೆರಿಸಿನ್ ಎಂಬ ಬೇರೆ ಔಷಧ ಬೇಕು. ಇಬ್ರುಟಿನಿಬ್, ವೆನೆಟೊಕ್ಲಾಕ್ಸ್ ಎಂಬ ರಕ್ತದ ಕ್ಯಾನ್ಸರಿನ ಮಾತ್ರೆ ನುಂಗುತ್ತಿರುವವರಿಗೆ ವೊರಿಕೊನಜೋಲ್ ಸೇರಿದರೆ ಆ ಮಾತ್ರೆಗಳ ಪ್ರಮಾಣ ರಕ್ತದಲ್ಲಿ ಏರುವುದರಿಂದ, ಅವರ ಕ್ಯಾನ್ಸರ್ ವೈದ್ಯರನ್ನು ಕೇಳದೆ ನಾನು ಆರಂಭಿಸುವುದಿಲ್ಲ.

ಮೈಕೈ ನೋವು ಬೇಗ ಇಳಿಯಲೆಂದು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡು ಬರುವವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಕೋವಿಡ್‌ನಲ್ಲಿ ಆ ಔಷಧದಿಂದ ಜೀವ ಉಳಿದದ್ದು ಆಮ್ಲಜನಕ ಬೇಕಾದವರಲ್ಲಿ ಮಾತ್ರ. ಉಳಿದವರಲ್ಲಿ ಅದು ಜ್ವರವನ್ನು ಮುಚ್ಚಿಡುತ್ತದೆ, ಸಕ್ಕರೆಯನ್ನು ಏರಿಸುತ್ತದೆ, ಶಿಲೀಂಧ್ರಕ್ಕೆ ಹಾಸಿಗೆ ಹಾಸುತ್ತದೆ.

ರಕ್ತದ ಕ್ಯಾನ್ಸರ್ ಇರುವ ಪ್ರತಿ ಮನೆಗೂ ಈಗ ಒಂದು ಥರ್ಮಾಮೀಟರ್ ಕೊಡುತ್ತೇನೆ. ಪ್ಯಾರಾಸಿಟಮಾಲ್ ನುಂಗುವ ಮುನ್ನ ಜ್ವರ ನೋಡಿ ಬರೆದಿಡಬೇಕು, ಇಳಿದ ಜ್ವರ ಮತ್ತೆ ಏರಿದರೆ ಯಾವ ಹೊತ್ತಾದರೂ ಫೋನ್ ಮಾಡಬೇಕು ಎಂದು ಹೇಳಿರುತ್ತೇನೆ. ಕಳೆದ ಮಳೆಗಾಲದಲ್ಲಿ ಸಿದ್ದಾಪುರದ ಕಡೆಯ ತೋಟದ ಕಾರ್ಮಿಕರ ಲೈನ್ ಮನೆಯೊಂದರಿಂದ ತಾಯಿಯೊಬ್ಬರು ಲ್ಯುಕೇಮಿಯಾ ಇರುವ ಮಗನನ್ನು ಜೀಪಿನಲ್ಲಿ ಕರೆತಂದರು. ಗೋಡೆಯ ಕ್ಯಾಲೆಂಡರನ್ನೇ ಕಿತ್ತು ಸುರುಳಿ ಸುತ್ತಿ ತಂದಿದ್ದರು. ತಾರೀಖುಗಳ ಕೆಳಗೆ 102, 101, 99, 98 ಎಂದಿದ್ದು, ಆರನೆಯ ದಿನದ ಚೌಕದಲ್ಲಿ 101.6ಕ್ಕೆ ಎರಡು ಗೆರೆ ಎಳೆದಿತ್ತು. ರಾತ್ರಿ 8:40ಕ್ಕೆ ಮೊದಲ ಡೋಸು ಹನಿಯತೊಡಗಿತು, ಒಂಬತ್ತೂವರೆಗೆ ಆಂಬ್ಯುಲೆನ್ಸ್ ಗೋಣಿಕೊಪ್ಪದ ದಾರಿ ಹಿಡಿಯಿತು. ಕಲ್ಚರ್‌ನಲ್ಲಿ ಸ್ಯೂಡೊಮೊನಾಸ್ ಬೆಳೆದಿದೆಯೆಂಬ ವರದಿ ಎರಡನೆಯ ದಿನ ಬಂದಾಗ, ಹುಡುಗನ ಜ್ವರ ಆಗಲೇ ಇಳಿದಿತ್ತು.